ಕಾಲ್ಬಡಿತದ ವರಸೆ

ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಉಪಾಧ್ಯಾಯನೊಬ್ಬನು ಈ ತಿಂಗಳು ಈಜಿನ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ತಾವು ನಗಬಹುದು. ನಗತಕ್ಕದ್ದೇ ಸರಿ. ಬಾಲ್ಯದಲ್ಲಿ ಊರ ಕೆರೆಯಲ್ಲಿ ಬೆನ್ನಿಗೆ ಒಣಸೋರೆಯ ಬುರುಡೆಯನ್ನು ಕಟ್ಟಿಕೊಂಡು ನಾಲ್ಕು ದಿನ ಕೈಕಾಲು ಬಡಿದುದನ್ನು ಬಿಟ್ಟರೆ ನನಗೂ ನೀರಿಗೂ ಸ್ನಾನದ ಹೊರತು ಬೇರೆ ಸಂಬಂಧವಿಲ್ಲ. ಆದರೂ ಬರೆಯಬೇಕಾದ ಕಾರಣವೊಂದು ಒದಗಿತು. ಅದು ಈಜಿಗಿಂತ ಹೆಚ್ಚಾಗಿ ಕಲಿಸುವ ಕೆಲಸಕ್ಕೆ ಸಂಬಂಧಿಸಿದುದು; ಕಲಿಸುವ ಕೆಲಸವು ಪ್ರತಿಯೊಂದು ಮನೆಯಲ್ಲಿಯೂ ನಡೆಯತಕ್ಕದ್ದಾದುದರಿಂದ ತಮಗೂ ಉಪಯೋಗವಾದೀತೆಂದು ನಂಬಿದ್ದೇನೆ.

ನನ್ನ ಮೊಮ್ಮಗಳಿಗೆ ಹನ್ನೆರಡು ವರ್ಷ. ಬೆಂಗಳೂರಿನ ಈಜುಕೊಳವೊಂದರಲ್ಲಿ ಮೂರು ವರ್ಷಗಳಿಂದ ಕಲಿಯುತ್ತಿದ್ದಾಳೆ. ಈಚೆಗೆ ಪಂದ್ಯಗಳಿಗೂ ಹೋಗುತ್ತಾಳೆ. ಬೆಳಗಿನ ಐದೂವರೆಗೆ ಅವಳನ್ನು ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಕುಳಿತಿದ್ದು, ಮತ್ತೆ ಕರೆತರುವುದು ನಿವೃತ್ತನಾದ ನನ್ನ ಪಾಲಿಗೆ ಬಂದ ಉದ್ಯೋಗ. ಒಂದು ದಿನ ಅವಳು ನೀರಿನಿಂದ ಎದ್ದು ಬಂದವಳು ಬಟ್ಟೆಯ ಚೀಲವನ್ನು ನನ್ನ ಮಗ್ಗುಲಲ್ಲಿ ಒಗೆದು, "ತಾತ, ನಾಳೆಯಿಂದ ನಾನು ಬರುವುದಿಲ್ಲ" ಎಂದಳು. ವಿಚಾರಿಸಿದೆನು. ಹುಡುಗಿಯರಿಬ್ಬರು ಸಾಲಿನಲ್ಲಿ ಮಾತನಾಡಿದರೆಂದು ಶಿಕ್ಷಕರು ಇಡೀ ಗುಂಪಿಗೆ ಹಲಗೆ ಹಿಡಿದು ಇಪ್ಪತ್ತು ಉದ್ದ ಕಾಲು ಬಡಿಯುವಂತೆ ಹೇಳಿದರಂತೆ. ನಡುವೆ ವಿಶ್ರಾಂತಿಯಿಲ್ಲ, ಎಷ್ಟು ವೇಗ, ಯಾವ ಬಗೆ, ಏತಕ್ಕೆ ಎಂಬ ಮಾತಿಲ್ಲ. ಇವಳು ಬೇಸತ್ತು ಕೊನೆಯ ಎಂಟು ಉದ್ದಗಳನ್ನು ಕಪ್ಪೆಯ ಹಾಗೆ ಕಾಲು ಮಡಿಸಿ ಒದೆದು ಮುಗಿಸಿದ್ದಳು. ಮೊಣಕಾಲಿನ ಒಳಮಗ್ಗುಲಲ್ಲಿ ನೋವು. "ಕಿಕ್ ಅಂದರೆ ಶಿಕ್ಷೆ, ತಾತ. ತಪ್ಪು ಮಾಡಿದಾಗ ಅದನ್ನೇ ಕೊಡುತ್ತಾರೆ" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಶಿಕ್ಷಕರ ಮೇಲೆ ಕೋಪ ಬಂದಿತೆಂದು ತಾವು ಊಹಿಸಿದರೆ ತಪ್ಪು. ನನಗೆ ನೆನಪಾದವನು ನನ್ನದೇ ತರಗತಿಯ ಒಬ್ಬ ಹುಡುಗ. ಷಷ್ಠೀ ವಿಭಕ್ತಿಯಲ್ಲಿ ತಡವರಿಸಿದನೆಂದು ಅವನಿಂದ ಅಕಾರಾಂತ ಪುಲ್ಲಿಂಗದ ರೂಪಗಳೆಲ್ಲವನ್ನೂ ನೂರು ಸಲ ಬರೆಯಿಸಿದ್ದೆನು. ಮಾರನೆಯ ದಿನ ಅವನು ಬರೆದು ತಂದನು, ಅಕ್ಷರವೂ ದುಂಡಾಗಿತ್ತು. ಮುಂದಿನ ವರ್ಷ ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡನು. ಅಂದು ನಾನು ಅದನ್ನು ಅವನ ಅಭಾಗ್ಯವೆಂದೇ ಎಣಿಸಿದ್ದೆನು.

ಅದೇ ಕೊಳದಲ್ಲಿ ಸಂಜೆಯ ಹೊತ್ತು ಪಂದ್ಯಾಳುಗಳಿಗೆ ಕಲಿಸುವ ಶಿಕ್ಷಕಿಯೊಬ್ಬರಿದ್ದಾರೆ. ಮಗುವನ್ನು ಕರೆದುಕೊಂಡು ಅವರನ್ನು ಕಂಡೆನು. ಮೊದಲು ಮೊಣಕಾಲನ್ನು ವೈದ್ಯರಿಗೆ ತೋರಿಸಿ ಬರಲು ಹೇಳಿದರು. ಎರಡು ವಾರಗಳ ವಿಶ್ರಾಂತಿಯ ಮೇಲೆ ಮತ್ತೆ ಹೋದಾಗ ತಮ್ಮ ಪುಸ್ತಕವನ್ನು ಬಿಚ್ಚಿ, "ಮೇಷ್ಟ್ರೇ, ತಾವು ಪಾಠದ ಟಿಪ್ಪಣಿ ಬರೆದುಕೊಂಡೇ ತರಗತಿಗೆ ಹೋಗುತ್ತಿದ್ದಿರಷ್ಟೆ? ಇದೂ ಅದೇ" ಎಂದರು. ದಿನದಿನದ ಈಜನ್ನು ಅಂಕಿಗಳಲ್ಲಿ ಬರೆದಿದ್ದರು. ಇಷ್ಟು ಉದ್ದವನ್ನು ಇಷ್ಟು ಸಲ, ಇಷ್ಟು ವಿರಾಮದೊಡನೆ ಎಂದು ಕಟ್ಟಿದ ಒಂದೊಂದು ಕಟ್ಟಿಗೆ ಅವರು "ಸೆಟ್" ಎನ್ನುತ್ತಾರೆ. ಸಂಗೀತದಲ್ಲಿ ಸರಳೆವರಸೆ, ಜಂಟಿವರಸೆಗಳಿರುವಂತೆ ಇದನ್ನು ನಾನು ವರಸೆಯೆಂದು ಕರೆಯುತ್ತೇನೆ.

ಅವರು ಹೇಳಿದುದನ್ನು ಕೇಳುತ್ತ ಕೇಳುತ್ತ ನನಗೆ ನಮ್ಮ ಶಾಸ್ತ್ರಗ್ರಂಥಗಳ ಅನುಬಂಧಚತುಷ್ಟಯವು ನೆನಪಿಗೆ ಬಂದಿತು. ಯಾವ ಶಾಸ್ತ್ರವನ್ನಾದರೂ ಆರಂಭಿಸುವ ಮುನ್ನ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕನ್ನು ಹೇಳತಕ್ಕದ್ದು. ಕಾಲ್ಬಡಿತದ ವರಸೆಗೂ ಈ ನಾಲ್ಕೇ ಪ್ರಶ್ನೆಗಳು ಸಾಕು.

ಮೊದಲನೆಯದು ವಿಷಯ. ಕಾಲ್ಬಡಿತವು ಒಂದೇ ಬಗೆಯದಲ್ಲ. ಫ್ರೀಸ್ಟೈಲಿನಲ್ಲಿಯೂ ಬ್ಯಾಕ್‌ಸ್ಟ್ರೋಕಿನಲ್ಲಿಯೂ ಕಾಲುಗಳು ಒಂದಾದಮೇಲೊಂದು ಮೇಲೆ ಕೆಳಗೆ ಆಡುತ್ತವೆ. ಈ ಆಟವು ಸೊಂಟದ ಕೀಲಿನಿಂದ ಹೊರಡಬೇಕು; ಮೊಣಕಾಲು ಸ್ವಲ್ಪವೇ ಬಾಗಬೇಕು; ಹರಡು ಸಡಿಲವಾಗಿದ್ದು ಪಾದವು ಮೀನಿನ ಬಾಲದಂತೆ ನೀರನ್ನು ಹಿಂದಕ್ಕೆ ತಳ್ಳಬೇಕು. ಮೊಣಕಾಲನ್ನು ಹೆಚ್ಚು ಮಡಿಸಿ ಸೈಕಲ್ ತುಳಿದಂತೆ ತುಳಿದರೆ ನೊರೆಯೇಳುವುದೇ ಹೊರತು ಮುಂದೆ ಸಾಗುವುದಿಲ್ಲ. ಬಟರ್‌ಫ್ಲೈಯಲ್ಲಿ ಎರಡು ಕಾಲುಗಳೂ ಜೋಡಿಯಾಗಿ ಅಲೆಯಂತೆ ಆಡುತ್ತವೆ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದು, ಪಾದವನ್ನು ಹೊರಕ್ಕೆ ತಿರುಗಿಸಿ, ಸುತ್ತಿ ಒದೆಯಬೇಕು. ಇದರಲ್ಲಿ ಮೊಣಕಾಲಿನ ಒಳಮಗ್ಗುಲ ಕಟ್ಟಿಗೆ ಎಳೆತ ಹೆಚ್ಚು. ದಣಿದ ಕಾಲಿನಲ್ಲಿ ಇದನ್ನೇ ಬಹಳವಾಗಿ ಮಾಡಿಸಿದರೆ ನೋವು ಬರುವುದು ಆಶ್ಚರ್ಯವಲ್ಲ. ಆದಕಾರಣ "ಕಾಲು ಬಡಿ" ಎಂದಷ್ಟೇ ಹೇಳುವುದು "ಓದು" ಎಂದು ಹೇಳಿ ಪುಸ್ತಕವನ್ನು ಕೊಡದಿರುವಂತೆಯೇ ಆಯಿತು.

ಎರಡನೆಯದು ಪ್ರಯೋಜನ. ಕಾಲ್ಬಡಿತದಿಂದ ಮುಂದಕ್ಕೆ ತಳ್ಳುವ ಬಲವುಂಟಾಗುವುದಲ್ಲದೆ ದೇಹವು ನೀರಿನಲ್ಲಿ ಮಟ್ಟಸವಾಗಿ ನಿಲ್ಲುತ್ತದೆ. ಕಾಲು ಕೆಳಗಿಳಿದರೆ ಮೈ ಓರೆಯಾಗಿ, ನೀರಿನ ತಡೆ ಹೆಚ್ಚುತ್ತದೆ. ಆದರೆ ತೊಡೆಯ ಸ್ನಾಯುಗಳು ದೊಡ್ಡವು; ಉಸಿರನ್ನು ಬಹಳವಾಗಿ ಖರ್ಚುಮಾಡಿಸುತ್ತವೆ. ಅದರಿಂದಲೇ 50, 100 ಮೀಟರು ಈಜುವವರು ಎರಡು ಕೈಗಳ ಒಂದು ಆವರ್ತಕ್ಕೆ ಸಾಮಾನ್ಯವಾಗಿ ಆರು ಸಲ ಕಾಲಾಡಿಸಿದರೆ, 1500 ಮೀಟರು ಈಜುವವರಲ್ಲಿ ಅನೇಕರು ಎರಡೇ ಸಲ ಆಡಿಸಿ ಶಕ್ತಿಯನ್ನು ಉಳಿಸಿಕೊಳ್ಳುತ್ತಾರೆ. ಹೀಗಿರುವಾಗ ಎಲ್ಲರಿಗೂ ಒಂದೇ ವರಸೆ ಹೇಗೆ ಸಲ್ಲುತ್ತದೆ? ರೂಪವನ್ನು ತಿದ್ದುವ ವರಸೆ ಬೇರೆ, ದಮ್ಮನ್ನು ಬೆಳೆಸುವ ವರಸೆ ಬೇರೆ, ವೇಗದ ವರಸೆ ಬೇರೆ. ರೂಪವನ್ನು ತಿದ್ದುವಾಗ ನಿಧಾನವಾಗಿರಬೇಕು. ದಮ್ಮಿಗಾಗಿ ಮಾಡುವಾಗ ಸಮವೇಗವೂ ಚಿಕ್ಕ ವಿರಾಮವೂ ಬೇಕು. ವೇಗಕ್ಕಾಗಿ ಮಾಡುವಾಗ ದೂರ ಚಿಕ್ಕದು, ವಿರಾಮ ದೊಡ್ಡದು. ವೇಗದ ವರಸೆಯಲ್ಲಿ ವಿರಾಮವನ್ನು ಕದ್ದರೆ ಅದು ವೇಗದ ವರಸೆಯಾಗಿ ಉಳಿಯುವುದಿಲ್ಲ. ದಣಿದು ನಿಧಾನವಾಗಿ ಬಡಿಯುವುದನ್ನೇ ಅಭ್ಯಾಸಮಾಡಿಸಿದಂತಾಗುತ್ತದೆ.

ಕಾಲಿನ ಮಹಿಮೆಯನ್ನು ಲೋಕವೆಲ್ಲ ಕಂಡ ಸಂದರ್ಭವೊಂದುಂಟು. 1988ರ ಸಿಯೋಲ್ ಒಲಿಂಪಿಕ್ಸಿನ 100 ಮೀಟರು ಬ್ಯಾಕ್‌ಸ್ಟ್ರೋಕಿನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಎಂಬಾತನು ಕೈಗಳನ್ನು ತಲೆಯಾಚೆ ಚಾಚಿ, ಜೋಡಿಗಾಲನ್ನು ಅಲೆಯಂತೆ ಆಡಿಸುತ್ತ, ಮೂವತ್ತು ಮೀಟರಿಗೂ ಮಿಕ್ಕಿ ನೀರಿನೊಳಗೇ ಸಾಗಿದನು. ಮೇಲ್ಮೈಯ ಅಲೆಯ ತಡೆ ಒಳಗೆ ಕಡಮೆಯೆಂಬುದೇ ಇದರ ಮರ್ಮ. ಪ್ರಾಥಮಿಕ ಸುತ್ತಿನಲ್ಲಿ 54.51 ಸೆಕೆಂಡುಗಳ ವಿಶ್ವದಾಖಲೆಯನ್ನೂ ಮಾಡಿದನು. ಅಂತಿಮ ಸುತ್ತಿನಲ್ಲಿ ಇದೇ ಉಪಾಯವನ್ನು ಬಲ್ಲ ಜಪಾನಿನ ಡೈಚಿ ಸುಜುಕಿಯು 55.05 ಸೆಕೆಂಡಿನಲ್ಲಿ ಮೊದಲಿಗನಾದನು, ಬರ್ಕಾಫನಿಗೆ ಬೆಳ್ಳಿ. ಆಮೇಲೆ ನಿಯಮಗಾರರು ಬ್ಯಾಕ್‌ಸ್ಟ್ರೋಕಿನಲ್ಲಿ ನೀರೊಳಗಿನ ದೂರವನ್ನು 10 ಮೀಟರಿಗೆ ಇಳಿಸಿ, 1991ರಲ್ಲಿ 15ಕ್ಕೆ ಏರಿಸಿದರು. ಇಂದು ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರರಲ್ಲಿಯೂ ಹೊರಟಾಗಲೂ ತಿರುಗಿದಾಗಲೂ 15 ಮೀಟರಿನೊಳಗೆ ತಲೆಯು ಮೇಲೆ ಬರಬೇಕು. 25 ಮೀಟರಿನ ಕೊಳದಲ್ಲಿ ಇದು ಐದರಲ್ಲಿ ಮೂರು ಪಾಲು! ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಈಜಿದುದೂ ಈ 100 ಮೀಟರು ಬ್ಯಾಕ್‌ಸ್ಟ್ರೋಕನ್ನೇ. 2024ರ ಪ್ಯಾರಿಸ್ ಕೂಟದಲ್ಲಿ 200 ಮೀಟರು ಫ್ರೀಸ್ಟೈಲ್ ಈಜಿದ ಇದೇ ನಗರದ ಧಿನಿಧಿ ದೇಸಿಂಗು ಆಗ ಹದಿನಾಲ್ಕು ವರ್ಷದ ಬಾಲೆ. ಅವಳ ಚಿತ್ರವು ನಮ್ಮ ಮನೆಯ ಗೋಡೆಯ ಮೇಲಿದೆ.

ಮೂರನೆಯದು ಸಂಬಂಧ. ಹಲಗೆ ಹಿಡಿದು ಕಲಿತ ಕಾಲು ಹಲಗೆ ಬಿಟ್ಟಮೇಲೂ ಹಾಗೆಯೇ ಆಡಬೇಕಷ್ಟೆ. ಹಲಗೆಯು ಕೆಟ್ಟದ್ದಲ್ಲ, ಆದರೆ ತಲೆಯನ್ನು ಎತ್ತಿ ಹಿಡಿಯುವುದರಿಂದ ನಡು ಬಾಗಿ ಕಾಲು ಕೆಳಗಿಳಿಯುತ್ತದೆ. ಆದುದರಿಂದ ಅಂಗಾತನಾಗಿ ಕೈಗಳನ್ನು ತಲೆಯಾಚೆ ಚಾಚಿ ಬಡಿಯುವುದು, ಪಕ್ಕಕ್ಕೆ ಮಲಗಿ ಬಡಿಯುವುದು, ಆಳದ ನೀರಿನಲ್ಲಿ ನೆಟ್ಟಗೆ ನಿಂತಂತೆ ಇದ್ದು ಕಾಲೊಂದರಿಂದಲೇ ತಲೆಯನ್ನು ಮೇಲಿಟ್ಟುಕೊಳ್ಳುವುದು, ಇವೆಲ್ಲವೂ ವರಸೆಯಲ್ಲಿ ಬೆರೆಯಬೇಕು. ಕೊನೆಯಲ್ಲಿ ಕಾಲ್ಬಡಿತವನ್ನು ಪೂರ್ಣ ಈಜಿಗೆ ಸೇರಿಸಬೇಕು. ಶಬ್ದರೂಪವನ್ನು ಕಲಿತ ಹುಡುಗನಿಂದ ಕೂಡಲೇ ಒಂದು ವಾಕ್ಯವನ್ನು ಕಟ್ಟಿಸುವಂತೆ ಇದು. ನಾನು ಆ ಹುಡುಗನಿಂದ ನೂರು ಸಲ ರೂಪಗಳನ್ನು ಬರೆಯಿಸಿದೆನಲ್ಲದೆ ಒಂದು ವಾಕ್ಯವನ್ನೂ ಕಟ್ಟಿಸಲಿಲ್ಲ.

ನಾಲ್ಕನೆಯದು ಅಧಿಕಾರಿ, ಎಂದರೆ ಕಲಿಯುವವನ ಯೋಗ್ಯತೆ. ಹರಡು ಬಿಗಿಯಾದ ಮಕ್ಕಳು ಎಷ್ಟು ಬಡಿದರೂ ನಿಂತಲ್ಲಿಯೇ ಇರುತ್ತಾರೆ. ಕೆಲವರು ಹಿಂದಕ್ಕೂ ಸರಿಯುತ್ತಾರೆ! ಅದು ಸೋಮಾರಿತನವಲ್ಲ. ಅಂಥವರಿಗೆ ದಡದ ಮೇಲೆ ಹರಡನ್ನು ಸಡಿಲಿಸುವ ವ್ಯಾಯಾಮವೂ, ನೀರಿನಲ್ಲಿ ಕೆಲವು ಹೊತ್ತು ಫಿನ್ಸ್ ಎಂಬ ರಬ್ಬರಿನ ಪಾದಗಳೂ ಸಹಾಯಕ. ಮೊಣಕಾಲು ನೋಯುವ ಮಗುವಿಗೆ ಬ್ರೆಸ್ಟ್‌ಸ್ಟ್ರೋಕಿನ ಒದೆತವನ್ನು ನಿಲ್ಲಿಸಿ ಬೇರೆಯದನ್ನು ಕೊಡಬೇಕು.

ಇಷ್ಟನ್ನೂ ಹೇಳಿ, ನನ್ನ ಮೊಮ್ಮಗಳಿಗಾಗಿ ಅವರು ಬರೆದುಕೊಟ್ಟ ವರಸೆ ಹೀಗಿದೆ. ಅಂದಿನ ಈಜು ಒಟ್ಟು 2400 ಮೀಟರು; ಅದರಲ್ಲಿ ಕಾಲಿನ ವರಸೆಯದು ನಾಲ್ಕನೆಯ ಒಂದು ಪಾಲು, 600 ಮೀಟರು. ಮೈ ಬೆಚ್ಚಗಾದಮೇಲೆಯೇ ಇದರ ಆರಂಭ. ಮೊದಲು 50 ಮೀಟರು ನಾಲ್ಕು ಸಲ, ಅಂಗಾತನಾಗಿ, ಮೊಣಕಾಲು ನೀರಿನ ಮೇಲೆ ಕಾಣದಂತೆ, ಸಲಸಲಕ್ಕೂ 20 ಸೆಕೆಂಡಿನ ವಿರಾಮ, ಇದು ರೂಪಕ್ಕೆ. ಆಮೇಲೆ 25 ಮೀಟರು ಎಂಟು ಸಲ, ಒಂದು ಸಲ ನಿಧಾನ, ಒಂದು ಸಲ ಪೂರ್ಣವೇಗ, ನಡುವೆ 30 ಸೆಕೆಂಡು; ಇದು ವೇಗಕ್ಕೆ. ಕೊನೆಗೆ 50 ಮೀಟರು ನಾಲ್ಕು ಸಲ, ಹೋಗುವಾಗ ಹಲಗೆ ಹಿಡಿದು ಕಾಲು, ಬರುವಾಗ ಹಲಗೆ ಬಿಟ್ಟು ಪೂರ್ಣ ಫ್ರೀಸ್ಟೈಲ್, ಇದು ಸಂಬಂಧಕ್ಕೆ.

ದಮ್ಮಿನ ವರಸೆ ಬೇರೆ ದಿನಕ್ಕೆ. ಅದರ ಲೆಕ್ಕವು ನನ್ನಂಥವನಿಗೆ ಬಲು ಹಿಡಿಸಿತು. ಮೊದಲು 200 ಮೀಟರು ಕಾಲಿನಿಂದಲೇ ಸಾಗಿಸಿ ಕಾಲವನ್ನು ನೋಡಿದರು: 5 ನಿಮಿಷ 20 ಸೆಕೆಂಡು. ಎಂದರೆ 50 ಮೀಟರಿಗೆ 80 ಸೆಕೆಂಡು. ಅದಕ್ಕೆ 15 ಸೆಕೆಂಡು ಸೇರಿಸಿ, 50 ಮೀಟರನ್ನು ಎಂಟು ಸಲ, 1 ನಿಮಿಷ 35 ಸೆಕೆಂಡಿಗೊಮ್ಮೆ ಹೊರಡುವಂತೆ ಮಾಡಿದರು. ಬೇಗ ಮುಟ್ಟಿದರೆ ಹೆಚ್ಚು ವಿರಾಮ, ತಡವಾದರೆ ಕಡಮೆ. ಎಂಟನೆಯ ಸಲವು ಮೊದಲನೆಯದಕ್ಕಿಂತ ಮೂರು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳದಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಆಗಲೂ ವಿರಾಮವನ್ನು ತಗ್ಗಿಸಬೇಕು ಇಲ್ಲವೆ ಸಂಖ್ಯೆಯನ್ನು ಹೆಚ್ಚಿಸಬೇಕು; ಎರಡನ್ನೂ ಒಟ್ಟಿಗೆ ಮಾಡಬಾರದು.

ಗೃಹಸ್ಥರಿಗೆ ಒಂದು ಎಚ್ಚರಿಕೆಯ ಮಾತು. ನೀರೊಳಗೆ ಸಾಗುವ ಅಭ್ಯಾಸವನ್ನು ಕಂಡ ಮಕ್ಕಳು ತಮ್ಮತಮ್ಮಲ್ಲಿಯೇ ಉಸಿರು ಕಟ್ಟುವ ಪಂತವನ್ನು ಹೂಡುವುದುಂಟು. ಜೋರಾಗಿ ಹಲವು ಸಲ ಉಸಿರೆಳೆದು ಮುಳುಗಿದರೆ ಉಸಿರು ಬೇಕೆಂಬ ಸೂಚನೆ ಮೈಗೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಪ್ರಜ್ಞೆ ತಪ್ಪಿ, ಸದ್ದಿಲ್ಲದೆ ಪ್ರಾಣ ಹೋಗಬಹುದು. ಎಷ್ಟೇ ಬಲ್ಲ ಈಜುಗಾರನಿಗೂ ಈ ಅಪಾಯ ತಪ್ಪಿದ್ದಲ್ಲ. ಇಂಥ ಪಂತವನ್ನು ಖಂಡಿತವಾಗಿ ನಿಷೇಧಿಸತಕ್ಕದ್ದು. ನೀರೊಳಗಿನ ಅಭ್ಯಾಸವು ಶಿಕ್ಷಕರ ಕಣ್ಣೆದುರಿನಲ್ಲಿ, ಚಿಕ್ಕ ದೂರಕ್ಕೆ, ಸಾಕಷ್ಟು ವಿರಾಮದೊಡನೆ ಮಾತ್ರ ನಡೆಯಬೇಕು.

ಎರಡು ತಿಂಗಳಾದಮೇಲೆ ಮೊಮ್ಮಗಳು 200 ಮೀಟರನ್ನು 4 ನಿಮಿಷ 56 ಸೆಕೆಂಡಿನಲ್ಲಿ ಮುಗಿಸಿದಳು. ಪದಕವೇನೂ ಬಂದಿಲ್ಲ, ಬರಲೇಬೇಕೆಂಬ ನಿಯಮವೂ ಇಲ್ಲ. ಈಗ ಅವಳೇ ಒಂದು ಪುಸ್ತಕವನ್ನು ಇಟ್ಟಿದ್ದಾಳೆ. ಪ್ರತಿ ವರಸೆಯ ತಲೆಯ ಮೇಲೆ "ಏತಕ್ಕೆ?" ಎಂದು ಬರೆದು ಉತ್ತರವನ್ನು ಶಿಕ್ಷಕಿಯಿಂದ ಕೇಳಿ ತುಂಬುತ್ತಾಳೆ. ಅದು ಅವರಿಗೆ ಬೇಸರವನ್ನು ತಂದಂತಿಲ್ಲ.

ತಮ್ಮ ಮನೆಯ ಮಕ್ಕಳು ಈಜನ್ನೇ ಕಲಿಯಲಿ, ವೀಣೆಯನ್ನೇ ಕಲಿಯಲಿ, ಮಗ್ಗಿಯನ್ನೇ ಹೇಳಲಿ, ಕಲಿಯಬೇಕಾದ ವಿದ್ಯೆಯನ್ನೇ ದಂಡನೆಯಾಗಿ ವಿಧಿಸಬೇಡಿರಿ. ತಪ್ಪಿಗೆ ಬೇರೆ ದಾರಿಗಳಿವೆ. ನನ್ನ ಆ ಹುಡುಗನು ಈಗ ನಡುವಯಸ್ಸಿನ ಗೃಹಸ್ಥನಾಗಿರಬೇಕು. ಈ ಪತ್ರಿಕೆಯನ್ನು ಓದುತ್ತಲೂ ಇರಬಹುದು. ಓದಿದ್ದರೆ, ಅಂದು ಅವನು ತಂದುಕೊಟ್ಟ ಆ ದುಂಡಾದ ಅಕ್ಷರದ ಹಾಳೆಗಳನ್ನು ಅವನ ಮೇಷ್ಟ್ರು ನೋಡಿಯೂ ನೋಡದೆ ಮೇಜಿನ ಮೇಲಿಟ್ಟುಬಿಟ್ಟುದು ತಪ್ಪೆಂದು ಈಗ ಒಪ್ಪಿಕೊಂಡಿದ್ದಾರೆಂಬುದನ್ನು ತಿಳಿಯಲಿ.