ಪುರಸ್ಕಾರದ ಲೆಕ್ಕದಲ್ಲಿ ಬಿಟ್ಟುಹೋದ ಬಾಕಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೆಲವೇ ವಾರಗಳಲ್ಲಿ ಸಮಾಜದ ಸಂಘಗಳು ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ಏರ್ಪಡಿಸುವುದು ವಾಡಿಕೆ. 625ಕ್ಕೆ 600 ದಾಟಿದವರಿಗೆ ಹಾರ, ಫಲಕ, ನಗದು. ವೇದಿಕೆಯ ತುಂಬ ದಾನಿಗಳು. ಅವರ ಪರಿಚಯಕ್ಕೇ ಒಂದು ಗಂಟೆ. ಮಕ್ಕಳ ಸರದಿ ಬರುವ ವೇಳೆಗೆ ಊಟದ ಎಲೆ ಹಾಕಿರುತ್ತಾರೆ. ಆ ಮಕ್ಕಳಿಗೆ ಪಾಠ ಹೇಳಿದ ಅಧ್ಯಾಪಕರೆಲ್ಲಿ? ಎಷ್ಟೋ ಸಭೆಗಳಲ್ಲಿ ಅವರಿಗೆ ಆಮಂತ್ರಣವೇ ಹೋಗಿರುವುದಿಲ್ಲ.

'ಅವರಿಗೆ ಸಂಬಳವಿದೆಯಲ್ಲ' ಎಂಬ ಸಮಾಧಾನವೊಂದುಂಟು. ಲೆಕ್ಕ ಬಲ್ಲವರು ಆಡತಕ್ಕ ಮಾತಲ್ಲ ಇದು. ಸಂಬಳವು ವೇಳಾಪಟ್ಟಿಯ ಅವಧಿಗೆ ಸಂದದ್ದು. ಶಾಲೆ ಬಿಟ್ಟ ಮೇಲೆ ಗಣಿತದಲ್ಲಿ ಹಿಂದುಳಿದವರನ್ನು ಕೂರಿಸಿಕೊಂಡ ಹೊತ್ತು, ಪರೀಕ್ಷಾ ಶುಲ್ಕ ಕಟ್ಟಲಾಗದವನಿಗಾಗಿ ಕೈಯಿಂದ ಹಾಕಿದ ಹಣ ಯಾವ ಖಾತೆಯಲ್ಲಿ ಜಮೆಯಾಗಿದೆ? ವ್ಯಾಪಾರದಲ್ಲಿ ಕೊಡತಕ್ಕ ಬಾಕಿಯನ್ನು ಪುಸ್ತಕದಿಂದ ಬಿಟ್ಟರೆ ಅದನ್ನು ಸುಳ್ಳು ಲೆಕ್ಕವೆನ್ನುತ್ತಾರೆ.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ 10ನೆಯ ಶತಮಾನದ ಅತ್ತಿಮಬ್ಬೆಯ ಹೆಸರು ಇಂಥ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಶಾಸ್ತ್ರದಾನವೆಂದರೆ ಓಲೆಯ ಕಟ್ಟು ಮಾತ್ರವೇ? ಓದಲು ಕಲಿಸಿದವನಿಲ್ಲದಿದ್ದರೆ ಓಲೆ ಬರಿಯ ಓಲೆಯೇ.

ಪಟ್ಟಿಯ ವಿಷಯದಲ್ಲೂ ತಕರಾರಿದೆ. 620 ಪಡೆದ ಸ್ಥಿತಿವಂತರ ಮಗಳ ಹಿಂದೆ ಮನೆಪಾಠವಿರಬಹುದು. ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದ ಹುಡುಗ 400 ಪಡೆದರೆ ಅದರ ಹಿಂದಿರುವುದು ಶಾಲೆಯೊಂದೇ. ಅವನೂ ಇಲ್ಲ, ಅವನ ಮೇಷ್ಟರೂ ಇಲ್ಲ. ಮುಂದಿನ ಸಭೆಯಲ್ಲಿ ದಾನಿಗಳ ಕುರ್ಚಿ ನಾಲ್ಕು ಕಡಿಮೆಯಾಗಲಿ. ಗುರುವಿನ ಹೆಸರನ್ನು ವಿದ್ಯಾರ್ಥಿಯೇ ಸೂಚಿಸಲಿ. ಪದಾಧಿಕಾರಿಗಳು ಶಾಲೆಯವರೆಗೆ ನಡೆದುಹೋಗಿ ಆಮಂತ್ರಣ ಕೊಟ್ಟು ಬರಲಿ.