ಟೈರಿನ ಆಯ್ಕೆ: ಮಳೆಯನ್ನು ಮರೆತವರು

ಕಾರು ಕೊಳ್ಳುವಾಗ ನಮ್ಮ ಮಧ್ಯಮ ವರ್ಗದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಮೈಲೇಜ್ ಕೊಡುತ್ತದೆ?’ ಎಂಬುದು. ಟೈರು ಕೊಳ್ಳುವಾಗ ಅದೇ ಪ್ರಶ್ನೆ ವೇಷ ಬದಲಿಸಿ ‘ಎಷ್ಟು ಕಿಲೋಮೀಟರ್ ಬಾಳುತ್ತದೆ?’ ಎಂದಾಗುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಎಷ್ಟು ಮೀಟರಿನೊಳಗೆ ನಿಲ್ಲುತ್ತದೆ ಎಂದು ವಿಚಾರಿಸಿದವರನ್ನು ಟೈರಿನ ಅಂಗಡಿಗಳಲ್ಲಿ ನಾನು ಕಂಡದ್ದು ಬಹಳ ಕಡಿಮೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವರ್ಗ ಬೆಂಗಳೂರಿನಲ್ಲಿ ಬೆಳೆದಿದೆ. ವರ್ಷಕ್ಕೆ ಒಂದೆರಡು ಬಾರಿ ಶ್ರೀಪೆರಂಬುದೂರು ಬಳಿಯ ಮದ್ರಾಸ್ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಸ್ವಂತ ಕಾರನ್ನು ಒಯ್ದು, ಹಣ ಕಟ್ಟಿ, ಮನದಣಿಯೆ ಓಡಿಸಿ ಮರಳುವವರು ಇವರು. ಆ ಪೈಕಿ ನಾನೂ ಒಬ್ಬ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಚಟ ತೀರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ಎರಡು ದಿನಗಳಿಗಾಗಿ ಉಳಿದ 363 ದಿನಗಳ ಟೈರನ್ನು ಆರಿಸುವ ಗೀಳು ನಮ್ಮವರಲ್ಲಿ ಹಬ್ಬುತ್ತಿದೆ. ಬಾಳಿಕೆಯ ಲೆಕ್ಕ ಹಾಕುವವರಾಗಲಿ, ಟ್ರ್ಯಾಕಿನ ಸೆಕೆಂಡುಗಳನ್ನು ಎಣಿಸುವವರಾಗಲಿ, ಇಬ್ಬರೂ ಮರೆಯುವುದು ಮಳೆಯನ್ನು.

ಕಾರು ಭೂಮಿಯನ್ನು ಮುಟ್ಟುವುದು ಸರಿಸುಮಾರು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ. ಎಂಥ ಎಬಿಎಸ್ ಬ್ರೇಕೂ ಆ ಅಂಗೈಗಳ ಹಿಡಿತವನ್ನು ಮೀರಿ ಕಾರನ್ನು ನಿಲ್ಲಿಸಲಾರದು. ಮೃದು ರಬ್ಬರಿಗೆ ಸಾಮಾನ್ಯವಾಗಿ ಹಿಡಿತ ಹೆಚ್ಚು, ಆಯುಸ್ಸು ಕಡಿಮೆ. ಗಡಸು ರಬ್ಬರಿನದು ಇದಕ್ಕೆ ವ್ಯತಿರಿಕ್ತ. ಕೆಲವು ಟೈರುಗಳ ಪಕ್ಕೆಯ ಮೇಲೆ ‘ಟ್ರೆಡ್‌ವೇರ್’ ಎಂಬ ಪದದ ಜತೆ ಒಂದು ಸಂಖ್ಯೆ ಇರುತ್ತದೆ. ಅದು ಅಮೆರಿಕದ ಪದ್ಧತಿ. 100 ಎಂಬುದು ಮಾದರಿ ಟೈರಿನ ಸವೆತ. 400 ಎಂದಿದ್ದರೆ ಪರೀಕ್ಷೆಯಲ್ಲಿ ಅದರ ನಾಲ್ಕರಷ್ಟು ನಿಧಾನವಾಗಿ ಸವೆದಿದೆ ಎಂದರ್ಥ. ಪರೀಕ್ಷೆ ಮಾಡುವವರೂ ಅಂಕ ಕೊಟ್ಟುಕೊಳ್ಳುವವರೂ ಕಂಪನಿಯವರೇ ಆದ್ದರಿಂದ ಒಂದು ಕಂಪನಿಯ ಸಂಖ್ಯೆಯನ್ನು ಇನ್ನೊಂದರದರೊಡನೆ ತೂಗುವುದು ಜಾಣತನವಲ್ಲ. 200 ಅಥವಾ ಅದಕ್ಕೂ ಕೆಳಗಿನ ಟೈರುಗಳು ಬಹುಮಟ್ಟಿಗೆ ಟ್ರ್ಯಾಕನ್ನೇ ಕಣ್ಣಮುಂದೆ ಇಟ್ಟುಕೊಂಡು ಮಾಡಿದವು.

ಇವುಗಳಲ್ಲೂ ತೀರಾ ಮುಂದುವರಿದವು ‘ಸೆಮಿ ಸ್ಲಿಕ್’ ಎನ್ನಿಸಿಕೊಂಡ, ಮೈಮೇಲೆ ನಾಲ್ಕಾರು ಗೀರುಗಳಷ್ಟೇ ಇರುವ ಟೈರುಗಳು. ಬಿಸಿಯೇರಿದಾಗ ಡಾಂಬರನ್ನು ಕಚ್ಚಿ ಹಿಡಿಯುವ ಇವು ತಣ್ಣಗಿದ್ದಾಗ ಅಷ್ಟು ಹಿಡಿತ ಕೊಡುವುದಿಲ್ಲ. ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಯಾವ ಟೈರು ತಾನೇ ಬಿಸಿಯಾದೀತು? ಇನ್ನು ಮಳೆ. ಟೈರಿನ ಗೀರುಗಳಿರುವುದು ಅಂದಕ್ಕಲ್ಲ. ಚಕ್ರದಡಿಯ ನೀರನ್ನು ಹೊರಗೆ ಹಾಕಲು. ಗೀರುಗಳಿಗೆ ಮೀರಿದ ನೀರು ಸಿಕ್ಕಿದರೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕ್ ಹೆಸರಿಗಷ್ಟೇ ಉಳಿಯುತ್ತದೆ. ಮೇ ತಿಂಗಳ ಸಂಜೆ ಬೆಂಗಳೂರಿನ ಮೇಲ್ಸೇತುವೆ ಇಳಿಯುವಲ್ಲಿ ನಿಲ್ಲುವ ನೀರನ್ನು ನೆನೆದುಕೊಳ್ಳಿ. ಅಲ್ಲಿ ಜಾರುವ ಕಾರಿನ ಮುಂದಿರುವುದು ಟ್ರ್ಯಾಕಿನ ಅಂಚಿನ ಮಣ್ಣಲ್ಲ, ಹೆಂಡತಿ ಮಗುವನ್ನು ಕೂರಿಸಿಕೊಂಡು ನೆನೆಯುತ್ತಾ ಹೊರಟ ಸ್ಕೂಟರ್ ಸವಾರ. ನನ್ನ ಹವ್ಯಾಸದ ಬೆಲೆಯನ್ನು ಅವನು ತೆರಬೇಕಾದುದು ಯಾವ ನ್ಯಾಯ?

ಟ್ರ್ಯಾಕಿನಿಂದ ಮರಳುವ ದಾರಿಯ ಅಪಾಯ ಇನ್ನೂ ಸೂಕ್ಷ್ಮವಾದದ್ದು. ವೇಗದ ಸುತ್ತುಗಳಲ್ಲಿ ಟೈರಿನೊಳಗಿನ ಗಾಳಿ ಕಾದು, 30 ಪಿಎಸ್‌ಐ ಇದ್ದದ್ದು 36, 37 ಆಗುವುದುಂಟು. ಹಿಡಿತ ಕಾಯ್ದುಕೊಳ್ಳಲು ನಾವು ಅಲ್ಲೇ ಗಾಳಿ ಬಿಡುತ್ತೇವೆ. ಸಂಜೆ ಟೈರು ತಣಿದಾಗ ಒತ್ತಡ ಬೇಕಾದುದಕ್ಕಿಂತ ಎಷ್ಟೋ ಕೆಳಗಿಳಿದಿರುತ್ತದೆ. ಆ ಸ್ಥಿತಿಯಲ್ಲೇ ಸುಮಾರು 300 ಕಿ.ಮೀ. ಹೆದ್ದಾರಿಯನ್ನು ಕ್ರಮಿಸಿದರೆ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಬಾಗಿ ಬಾಗಿ ಕಾಯುತ್ತದೆ, ಸಿಡಿಯುವುದು ಹೀಗೆಯೇ. ಆದ್ದರಿಂದ ಟ್ರ್ಯಾಕಿನಿಂದ ಹೊರಬಿದ್ದ ಮೇಲಿನ ಮೊದಲ ನಿಲುಗಡೆ ಪೆಟ್ರೋಲ್ ಬಂಕಿನ ಗಾಳಿ ಯಂತ್ರವಾಗಿರಬೇಕು, ಊಟದ ಹೋಟೆಲಲ್ಲ.

ಹಾಗಾದರೆ ಕೊಳ್ಳಬೇಕಾದುದು ಯಾವುದನ್ನು? ವರ್ಷಕ್ಕೆ ಒಂದೆರಡು ಬಾರಿ ಹೋಗುವವರಿಗೆ ಕಾರಿನ ತಯಾರಕರು ಹೇಳಿದ ಅಳತೆಯ, ಒದ್ದೆಯಲ್ಲಿ ಹಿಡಿತಕ್ಕೆ ಹೆಸರಾದ ಉತ್ತಮ ರಸ್ತೆ ಟೈರೇ ಸಾಕು. ಟ್ರ್ಯಾಕಿನಲ್ಲಿ ಅದು ಕಿರುಚುತ್ತದೆ ನಿಜ. ಆದರೆ ಕಿರುಚುವುದೇ ಅದರ ಗುಣ: ಮಿತಿ ಬಂತೆಂದು ಮೊದಲೇ ತಿಳಿಸುತ್ತದೆ. ಅಂಟು ಟೈರು ಹೊಸ ಚಾಲಕನ ತಪ್ಪುಗಳನ್ನೆಲ್ಲ ಮುಚ್ಚಿಟ್ಟು, ಕೈಬಿಡುವಾಗ ಥಟ್ಟನೆ ಕೈಬಿಡುತ್ತದೆ. ಉಳಿದ ಹಣವನ್ನು ಬ್ರೇಕ್ ಪ್ಯಾಡಿಗೂ ಹೊಸ ಬ್ರೇಕ್ ಆಯಿಲಿಗೂ ಹಾಕುವುದು ವಿವೇಕ. ವರ್ಷಕ್ಕೆ ಐದಾರು ಸಲ ಹೋಗುವವರು ಇನ್ನೊಂದು ಜತೆ ಚಕ್ರಗಳನ್ನೇ ಇಟ್ಟುಕೊಳ್ಳಲಿ. ಹಿಂದಿನ ಸೀಟು ಮಡಚಿ ತುಂಬಿಕೊಂಡು ಹೋಗಿ ಅಲ್ಲೇ ಬದಲಿಸಬಹುದು. (ನಮ್ಮ ಸಾಮಾನ್ಯ ವಿಮಾ ಪಾಲಿಸಿಗಳು ಸಂಘಟಿತ ರೇಸು, ವೇಗದ ಪರೀಕ್ಷೆಗಳನ್ನು ಹೊರಗಿಟ್ಟಿವೆ ಎಂಬುದನ್ನೂ ಹೊರಡುವ ಮುನ್ನ ಓದಿಕೊಳ್ಳಲಿ.)

ಟ್ರ್ಯಾಕಿನಲ್ಲಿ ಮುಂದಿನ ಟೈರುಗಳೇ ಬೇಗ ಸವೆಯುತ್ತವೆ. ಎರಡೇ ಹೊಸದು ಕೊಂಡರೆ ಅಂಗಡಿಯವರು ‘ಮುಂದಕ್ಕೇ ಹಾಕೋಣ ಸಾರ್’ ಎನ್ನುತ್ತಾರೆ. ಟೈರು ತಯಾರಕರ ಸಲಹೆ ಇದಕ್ಕೆ ವಿರುದ್ಧ. ಹೊಸವು ಹಿಂದಕ್ಕೆ ಹೋಗಬೇಕು. ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ಕೈಯಲ್ಲೇ ತಿಳಿಯುತ್ತದೆ. ಹಿಂದಿನವು ಜಾರಿದರೆ ಕಾರು ಬುಗುರಿಯಾಗುತ್ತದೆ. ಕಾನೂನು ಕಾರಿನ ಟೈರಿನ ಗೀರಿಗೆ ಕೇಳುವ ಕನಿಷ್ಠ ಆಳ 1.6 ಮಿ.ಮೀ. ಆದರೆ 3 ಮಿ.ಮೀ.ಗೆ ಇಳಿಯುವಷ್ಟರಲ್ಲೇ ಮಳೆಯ ಹಿಡಿತ ಸಾಕಷ್ಟು ಕುಂದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ‘ಒದ್ದೆಯಲ್ಲಿ ಹಿಡಿತಕ್ಕೆ ಹೆಸರಾದ’ ಟೈರನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಯುರೋಪಿನಲ್ಲಿ ಇದು 2012ರಿಂದಲೇ ಟೈರಿನ ಚೀಟಿಯ ಮೇಲಿದೆ. ಅಲ್ಲಿನ ಹಳೆಯ ಶ್ರೇಣಿಯ ‘ಎ’ ಮತ್ತು ‘ಎಫ್’ ಟೈರುಗಳ ನಡುವೆ, 80 ಕಿ.ಮೀ. ವೇಗದಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕ್ ಹಾಕಿದರೆ, 18 ಮೀಟರಿನವರೆಗೂ ಅಂತರ ಬೀಳಬಹುದೆಂಬುದು ಲೆಕ್ಕ. ಅಂದರೆ ಸಾಲಾಗಿ ನಿಂತ ನಾಲ್ಕು ಸಣ್ಣ ಕಾರುಗಳ ಉದ್ದ. ನಮ್ಮ ರಸ್ತೆ ಸಾರಿಗೆ ಸಚಿವಾಲಯವೂ 2022ರಲ್ಲಿ ಒದ್ದೆ ಹಿಡಿತ, ಉರುಳು ಪ್ರತಿರೋಧ, ಸದ್ದು ಈ ಮೂರಕ್ಕೂ ಮಿತಿ ನಿಗದಿಪಡಿಸಿ ಅಧಿಸೂಚನೆ ಹೊರಡಿಸಿತು. ಸ್ವಾಗತಾರ್ಹ ಕ್ರಮ. ಆದರೆ ಅದು ಪಾಸು-ಫೇಲಿನ ಪರೀಕ್ಷೆ. ಅಂಚಿನಲ್ಲಿ ತೇರ್ಗಡೆಯಾದವನೂ ರ‍್ಯಾಂಕ್ ಪಡೆದವನೂ ಅಂಗಡಿಯಲ್ಲಿ ಒಂದೇ ಬಣ್ಣದಲ್ಲಿ ನಿಂತಿರುತ್ತಾರೆ. ಇಂಧನ ದಕ್ಷತೆ ಬ್ಯೂರೋದ ನಕ್ಷತ್ರಗಳು ಮುಖ್ಯವಾಗಿ ಪೆಟ್ರೋಲ್ ಉಳಿತಾಯದ ಮಾತನ್ನಾಡುತ್ತವೆ. ವಿಕ್ರಾಂತ್ ಟೈರಿನ ಮೈಸೂರು ಇರುವ ರಾಜ್ಯದ ಗಿರಾಕಿಗಳಾದ ನಾವು ಇಷ್ಟು ವರ್ಷ ಬೆಲೆ ಮತ್ತು ಬಾಳಿಕೆಗಳನ್ನಷ್ಟೇ ಕೇಳಿದ್ದರಿಂದ, ಮಾರುವವರು ಅವೆರಡನ್ನೇ ಹೇಳಿದ್ದಾರೆ. ಮಿತಿ ದಾಟಿದೆಯೇ ಎಂದು ನೋಡಲು ಪರೀಕ್ಷೆ ಹೇಗೂ ನಡೆಯುತ್ತಿದೆ, ಅಂಕಿಗಳು ಕಂಪನಿಗಳ ಕಡತದಲ್ಲಿವೆ. ಅವನ್ನು ಒಂದು ಚೀಟಿಯಲ್ಲಿ ಮುದ್ರಿಸಿ ಟೈರಿನ ಮೇಲೆ ಅಂಟಿಸಲು ಹೊಸ ಪ್ರಯೋಗಾಲಯವೇನೂ ಬೇಕಿಲ್ಲ.