ಅಮೆರಿಕಕ್ಕೆ 17 ಗಂಟೆ, ಕಳಸಕ್ಕೆ 8 ಗಂಟೆ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ವೈಮಾನಿಕ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಇಲ್ಲಿಗೆ ನೇರ ವಿಮಾನ ಶುರು ಮಾಡಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮಾರ್ಗವಾಗಿ ಬಂದು ಬೆಂಗಳೂರಿನಲ್ಲಿ ಇಳಿದದ್ದು ಆಗ ದೊಡ್ಡ ಸುದ್ದಿ. ಗೋಡೆಯ ನಕಾಶೆಯಲ್ಲಿ ಇದು ಸುತ್ತುದಾರಿ ಅನ್ನಿಸುತ್ತೆ. ಗ್ಲೋಬ್ ಮೇಲೆ ಎರಡೂ ಊರಿನ ನಡುವೆ ದಾರ ಬಿಗಿಹಿಡಿದು ನೋಡಿ, ಅದು ಉತ್ತರಕ್ಕೆ ಏರಿ ಆರ್ಕ್ಟಿಕ್ ವೃತ್ತದೊಳಗೇ ಹಾಯುತ್ತದೆ. ಗಾಳಿ ನೋಡಿಕೊಂಡು ಪೈಲಟ್‌ಗಳು ದಾರಿ ಬದಲಿಸುತ್ತಾರೆ. ಹೇಗೆ ಬಂದರೂ 17 ಗಂಟೆಯ ಆಸುಪಾಸು.

ಇನ್ನು ನೆಲದ ಲೆಕ್ಕ. ವಿಮಾನ ನಿಲ್ದಾಣದಿಂದ ಕಳಸಕ್ಕೆ ಹೆಚ್ಚುಕಡಿಮೆ 350 ಕಿ.ಮೀ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಮನೆ ಸೇರುವಷ್ಟರಲ್ಲಿ 8 ಗಂಟೆ. ಅಂದರೆ ನಲವತ್ತನೇ ಒಂದು ಭಾಗದಷ್ಟು ದೂರಕ್ಕೆ ವಿಮಾನದ ಅರ್ಧದಷ್ಟು ಹೊತ್ತು!

ಇದು ಶೋಕಿಯ ಲೆಕ್ಕ ಅಲ್ಲ. ಕಾಫಿ ಸೀಮೆಯ ಎಷ್ಟೋ ತೋಟದ ಮನೆಗಳಲ್ಲಿ ಈಗ ಇರೋದು ವಯಸ್ಸಾದ ಅಪ್ಪ, ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಊರಿಂದ ಕೆಟ್ಟ ಸುದ್ದಿಯ ಫೋನ್ ಬಂದಾಗ ಮಗಳು ಮೊದಲು ನೋಡೋದು ಮುಂದಿನ ವಿಮಾನ ಯಾವಾಗ ಅಂತ. ಆದರೆ ಎದೆನೋವು ಬಂದ ಅಪ್ಪನಿಗೆ ಬೇಕಾಗಿರೋದು ಮುಂದಿನ ಒಂದೆರಡು ಗಂಟೆ. ಕಳಸದವರು ಕುದುರೆಮುಖ ದಾರಿಯಲ್ಲಿ ಮಣಿಪಾಲಕ್ಕೆ ಇಳಿಯಬೇಕು, ಕೊಟ್ಟಿಗೆಹಾರದವರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಓಡಬೇಕು. 2019ರ ಆಗಸ್ಟ್‌ನಲ್ಲಿ ಅದೇ ಚಾರ್ಮಾಡಿ ಕುಸಿದು ರಸ್ತೆ ಬಂದ್ ಆಗಿತ್ತು. ಭದ್ರೆ ಉಕ್ಕಿದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗೋದು ಮಲೆನಾಡಿನವರಿಗೆ ಗೊತ್ತಿರುವ ಕತೆ.

ಇದರ ನಡುವೆ ಚಿಕ್ಕಮಗಳೂರಿಗೂ ಒಂದು ವಿಮಾನ ನಿಲ್ದಾಣ ಬೇಕು ಅನ್ನುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಪ್ರವಾಸೋದ್ಯಮಕ್ಕೆ ಅನುಕೂಲ ಆಗಬಹುದು, ನಿಜ. ಆದರೆ ಪಶ್ಚಿಮಕ್ಕೆ ಮಂಗಳೂರು ನಿಲ್ದಾಣ ಇದೆ, ಉತ್ತರಕ್ಕೆ ಶಿವಮೊಗ್ಗದ್ದು 2023ರಲ್ಲಿ ಶುರುವಾಯಿತು. ಚಿಕ್ಕಮಗಳೂರಿನಲ್ಲಿ ಇಳಿದರೂ ಕಳಸಕ್ಕೆ ಮತ್ತದೇ ಗುಡ್ಡದ ತಿರುವುಗಳು. ಮೇಲಾಗಿ ರಸ್ತೆ ಕೈಕೊಡುವ ಜುಲೈ ತಿಂಗಳಲ್ಲೇ ಮಂಜು, ಮಳೆಗೆ ಸಣ್ಣ ವಿಮಾನಗಳೂ ಕೈಕೊಡುತ್ತವೆ.

ಹಾಗಾಗಿ ನನ್ನ ಪ್ರಕಾರ ಸಾಲು ಹೀಗಿರಬೇಕು: ಮೊದಲು ಕಳಸ, ಮೂಡಿಗೆರೆಯಲ್ಲಿ ರಾತ್ರಿಯೂ ಸಿಗುವ ತಜ್ಞ ವೈದ್ಯರು, ಸುಸಜ್ಜಿತ ಆಂಬುಲೆನ್ಸ್. ಆಮೇಲೆ ಮುಳುಗದ ಸೇತುವೆ, ಕುಸಿಯದ ಘಾಟಿ. ರನ್‌ವೇ ವಿಚಾರ ಅದರ ನಂತರ ಮಾತಾಡೋಣ. ಮುಂದಿನ ಸಲ ವಿಮಾನ ನಿಲ್ದಾಣದ ಭರವಸೆ ಹೊತ್ತು ಯಾರಾದರೂ ವೋಟು ಕೇಳಲು ಬಂದರೆ, ಕಳಸದಿಂದ ಹೃದಯದ ಡಾಕ್ಟರ್ ಎಷ್ಟು ನಿಮಿಷ ದೂರ ಅಂತ ಕೇಳಿ.